ಬಿರುಕು ಮುಚ್ಚಿ ಮನೆ ಮಾರಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಾದರೂ ಮನೆ ಮಾರಲು ಹೊರಟರೆ ಎಲ್ಲರ ಬಾಯಲ್ಲೂ ಒಂದೇ ಸಲಹೆ: "ಮದ್ಲ ಸಣ್ಣಪುಟ್ಟದ್ದು ರಿಪೇರಿ ಮಾಡಸ್ರಿ, ಬಿರುಕಿಗಿ ಪುಟ್ಟಿ ಹಚ್ಚಸ್ರಿ, ಎರಡು ಕೈ ಬಣ್ಣ ಹೊಡಸ್ರಿ, ಆಮ್ಯಾಲ ಗಿರಾಕಿಗಿ ತೋರಸ್ರಿ." ದಲ್ಲಾಳಿ ಹೇಳುತ್ತಾನೆ, ಗೌಂಡಿ ಹೇಳುತ್ತಾನೆ, ಬೀಗರೂ ಹೇಳುತ್ತಾರೆ. ಹಾಗೆ ಮಾಡದೆ ಇದ್ದದ್ದನ್ನು ಇದ್ದಂತೆ ತೋರಿಸಿದವರನ್ನು ವ್ಯವಹಾರ ತಿಳಿಯದವರೆಂದು ಮರುಕದಿಂದ ನೋಡುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೇರೆ ನೆಲದಲ್ಲಿ ಇದು ಬರೀ ದುಂದುವೆಚ್ಚ ಆಗಿರಬಹುದು. ನಮ್ಮ ನೆಲದಲ್ಲಿ ಇದು ಕೊಳ್ಳುವವರ ಕಣ್ಣು ಕಟ್ಟುವ ಕೆಲಸ, ಎಷ್ಟೋ ಸಲ ಅವರ ಜೀವಕ್ಕೂ ಎರವಾಗಬಲ್ಲ ಕೆಲಸ.

ಬಿರುಕಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ "ಸಣ್ಣಪುಟ್ಟದ್ದು" ಅನ್ನುವಾಗ ನಮ್ಮವರು ಮೊದಲು ಬೆರಳು ಮಾಡುವುದು ಅದರ ಕಡೆಗೇ. ಈ ಮೂರು ತಾಲೂಕುಗಳ ಬಹುಪಾಲು ಮನೆಗಳು ನಿಂತಿರುವುದು ಎರೆ ಭೂಮಿಯ ಮೇಲೆ. ತೊಗರಿಗೆ, ಬಿಳಿಜೋಳಕ್ಕೆ ಬಂಗಾರದಂಥ ಆ ಮಣ್ಣು ಪಾಯಕ್ಕೆ ಮಾತ್ರ ಒಳ್ಳೆಯದಲ್ಲ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ನೀರು ಹಿಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುವ ಮಣ್ಣೇ ನಮ್ಮ ಪಡಸಾಲೆಯ ಕೆಳಗೂ ಇದೆ. ಮನೆಯ ನಡುವಿನ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಹೊರಗೋಡೆಯ ಬುಡ ಮಾತ್ರ ಮಳೆಗೆ ಎದ್ದು, ಬೇಸಿಗೆಗೆ ಇಳಿಯುತ್ತದೆ. ಒಂದು ಮೂಲೆ ಏರಿ ಇನ್ನೊಂದು ಮೂಲೆ ಕುಸಿದಾಗ ಗೋಡೆ ತಡೆಯಲಾರದೆ ಕಿಟಕಿಯ ಮೂಲೆಯಿಂದ, ಬಾಗಿಲ ಚೌಕಟ್ಟಿನ ಮೇಲಿಂದ ಓರೆಯಾಗಿ ಸೀಳುತ್ತದೆ. ಇಟ್ಟಿಗೆ ಗೋಡೆಯಾದರೆ ಸೀಳು ಸಂದಿನಿಂದ ಸಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ.

ಇಂಥ ಬಿರುಕು ಒಂದೇ ಅಗಲದಲ್ಲಿ ನಿಲ್ಲುವುದಿಲ್ಲ. ಬೇಸಿಗೆಗೆ ತೆರೆದು ಮಳೆಗಾಲಕ್ಕೆ ಮುಚ್ಚಿಕೊಳ್ಳುವುದು ಸಾಮಾನ್ಯ. ಕೆಲವು ಗೋಡೆಗಳಲ್ಲಿ ಇದಕ್ಕೆ ತಿರುವುಮುರುವು ಆಗುವುದೂ ಉಂಟು. ಹೇಗಿದ್ದರೂ ಅದಕ್ಕೆ ತುಂಬಿದ ಪುಟ್ಟಿ ಒಂದು ಋತುವಿಗಷ್ಟೇ ಬಾಳುತ್ತದೆ. ಬಾಯಿ ತೆರೆದಿದ್ದಾಗ ತುಂಬಿದರೆ ಮಣ್ಣು ಉಬ್ಬಿದೊಡನೆ ಪುಟ್ಟಿ ಹಿಂಡಿಕೊಂಡು ಹೊರಬಂದು ಹಕ್ಕಳೆ ಏಳುತ್ತದೆ. ಮುಚ್ಚಿದ್ದಾಗ ಬಳಿದರೆ ಮುಂದಿನ ಯುಗಾದಿಯ ಹೊತ್ತಿಗೆ ಅದೇ ಜಾಗದಲ್ಲಿ ಗೆರೆ ಮರಳಿ ಬರುತ್ತದೆ. ಇದು ನಮ್ಮ ಗೌಂಡಿಗಳಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ "ಮಾರೂತನಕ ಬಂದ್ರ ಸಾಕಲ್ರಿ" ಎನ್ನುತ್ತಾರೆ. ಈ ಮಾತನ್ನು ಗಮನವಿಟ್ಟು ಕೇಳಬೇಕು. ಮಾರುವ ತನಕ ಬಾಳುವುದಷ್ಟೇ ಗುರಿಯಾದ ಕೆಲಸಕ್ಕೆ ರಿಪೇರಿ ಎಂಬ ಹೆಸರು ಹೇಗೆ ಒಪ್ಪುತ್ತದೆ? ಅದರ ಆಯುಷ್ಯವನ್ನು ಲೆಕ್ಕ ಹಾಕಿದ್ದು ಕೊಳ್ಳುವವರ ಸಹಿ ಬೀಳುವ ದಿನದವರೆಗೆ.

ಬಿರುಕಿನ ಅಗಲ, ದಿಕ್ಕು, ಅದು ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿದರೆ ಪಾಯದ ಸ್ಥಿತಿ ಏನೆಂದು ಅನುಭವಸ್ಥ ಎಂಜಿನಿಯರ್ ಹೇಳಬಲ್ಲ. ಗಿಲಾವಿನಲ್ಲಷ್ಟೇ ಹರಡಿದ ಕೂದಲೆಳೆಯಂಥ ಗೆರೆಗಳು ಚಿಂತೆಗೆ ಕಾರಣವಲ್ಲ. ಗೋಡೆಯ ಎರಡೂ ಮುಖದಲ್ಲಿ ಕಾಣುವ ಓರೆ ಸೀಳು ಬೇರೆ ಜಾತಿಯದು. ಸೀಳಿನ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟರೆ, ಇಲ್ಲವೆ ಸೀಳಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿದರೆ, ಅದು ಇನ್ನೂ ಚಲಿಸುತ್ತಿದೆಯೋ ನಿಂತುಹೋಗಿದೆಯೋ ವರ್ಷದೊಳಗೆ ತಿಳಿಯುತ್ತದೆ. ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಈ ಮಾಹಿತಿ. ಪುಟ್ಟಿ ಬಳಿದ ದಿನ ಅದಷ್ಟೂ ಅಳಿಸಿಹೋಗುತ್ತದೆ, ಮತ್ತೆ ಓದಲು ಇನ್ನೊಂದು ಮಳೆಗಾಲ, ಇನ್ನೊಂದು ಬೇಸಿಗೆ ಕಾಯಬೇಕು. ಅಷ್ಟರಲ್ಲಿ ರಜಿಸ್ಟ್ರಿ ಮುಗಿದಿರುತ್ತದೆ.

ಇಲ್ಲಿಯೇ ಹುಟ್ಟಿ ಬೆಳೆದವರನ್ನು ಹೀಗೆ ಮರುಳು ಮಾಡುವುದು ಕಷ್ಟ. ಉಳಿದ ಗೋಡೆಗಳೆಲ್ಲ ಮಾಸಿದ್ದು ಒಂದೇ ಗೋಡೆ ಹೊಳೆಯುತ್ತಿದ್ದರೆ ಅವರು ನೇರವಾಗಿ ಅಲ್ಲಿಗೇ ಹೋಗಿ ಬೆರಳಿನಿಂದ ಬಡಿದು ನೋಡುತ್ತಾರೆ. ಸಿಕ್ಕಿಬೀಳುವವರು ಹೊರಗಿನವರು, ಆ ಊರಿಗೆ ಹೊಸಬರು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂದಮೇಲೆ ಎರೆ ಭೂಮಿಯನ್ನು ಕಂಡರಿಯದ ಊರುಗಳವರು ಆಳಂದದ ಸುತ್ತ ಬಂದು ನೆಲೆಸುತ್ತಿದ್ದಾರೆ. ಮೂರೂ ತಾಲೂಕಿಗೆ ಶಿಕ್ಷಕರಾಗಿ, ಬ್ಯಾಂಕಿನವರಾಗಿ, ನರ್ಸುಗಳಾಗಿ ಕೆಮ್ಮಣ್ಣಿನ ಸೀಮೆಯಿಂದ ಬರುವವರಿದ್ದಾರೆ. ಹಳ್ಳಿಯ ಹೊಲದ ಒಂದು ತುಂಡು ಮಾರಿ, ಮಕ್ಕಳ ಶಾಲೆಗೆಂದು ತಾಲೂಕಿನ ಊರಿನಲ್ಲಿ ಹಳೇ ಮನೆ ಕೊಳ್ಳುವ ಕುಟುಂಬಗಳಿವೆ. ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳಲ್ಲಿ ವರ್ಷಗಟ್ಟಲೆ ದುಡಿದು ಕೂಡಿಟ್ಟ ಹಣ ಹಿಡಿದು ಬಂದವರಿದ್ದಾರೆ. ಒಂದು ವಾರದ ರಜೆಯಲ್ಲಿ ಮನೆ ನೋಡಿ ಸಂಚಕಾರ ಕೊಟ್ಟು ಹೋಗುವವರು ಅವರು. ಹೊಸ ಬಣ್ಣದ ಹಿಂದೆ ಏನಿದೆ ಎಂದು ತಿಳಿಯಲು ಅವರಿಗೆ ಪುರುಸೊತ್ತೂ ಇಲ್ಲ, ದಾರಿಯೂ ಇಲ್ಲ. ನಮ್ಮ "ವ್ಯವಹಾರ ಜ್ಞಾನ" ಅವರ ಇಡೀ ಜೀವಮಾನದ ಉಳಿತಾಯದ ಮೇಲೆ ನಡೆಯುತ್ತದೆ.

ಕಲ್ಲಿನ ಮನೆಗಳ ವಿಷಯ ಇನ್ನೂ ಗಂಭೀರ. ಹಳೆಯ ಓಣಿಗಳಲ್ಲಿ ಇಂದಿಗೂ ಉಳಿದಿರುವ ಮಾಳಿಗೆ ಮನೆಗಳ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಜಲ್ಲಿ. ಎರಡೂ ಸಾಲನ್ನು ಅಡ್ಡಲಾಗಿ ಹಿಡಿಯುವ ಉದ್ದ ಕಲ್ಲುಗಳನ್ನು ಇಟ್ಟಿರದಿದ್ದರೆ, ಮಳೆನೀರು ಒಳಗಿಳಿದಾಗ ನಡುವಿನ ಮಣ್ಣು ಕುಸಿದು ಹೊರಸಾಲು ಹೊಟ್ಟೆ ಬಿಡುತ್ತದೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಇನ್ನಷ್ಟು ಮಣ್ಣು ಏರಿಸುವುದು ರೂಢಿ. ಹೀಗೆ ಎರಡು ತಲೆಮಾರು ಏರಿಸಿದ ಮಣ್ಣಿನ ಭಾರ ಎಷ್ಟೆಂದು ಮನೆಯವರಿಗೇ ಗೊತ್ತಿರುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದ ಹೊತ್ತಿಗೆ, ಆಳಂದದ ಗಡಿಯಾಚೆ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಕಿಲ್ಲಾರಿ ಸುತ್ತಿನ ಹಳ್ಳಿಗಳು ಮಣ್ಣುಪಾಲಾದವು. ಭೂಕಂಪದ ಪ್ರಮಾಣ 6.2ರ ಆಸುಪಾಸು. ಸತ್ತವರು ಹತ್ತು ಸಾವಿರದ ಹತ್ತಿರ. ಅವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಇಂಥವೇ ಗೋಡೆಗಳು, ಇಂಥವೇ ಮಾಳಿಗೆಗಳು. ನಮ್ಮ ಕಡೆಯ ಹಿರಿಯರಿಗೆ ಆ ರಾತ್ರಿಯ ನಡುಕ ಇನ್ನೂ ನೆನಪಿದೆ. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ತೂತಿನಲ್ಲಿ ಸರಳು ಇಟ್ಟು ಕಾಂಕ್ರೀಟ್ ತುಂಬಿ ಎರಡೂ ಸಾಲನ್ನು ಕೂಡಿಸುವ ವಿಧಾನವನ್ನು ಆಮೇಲೆ ಆ ಭಾಗದಲ್ಲಿ ಕಲಿಸಲಾಯಿತು. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡಿಕೊಳ್ಳಿ ಎಂದೂ ಹೇಳಿದರು. ಹೀಗಿರುವಾಗ ಹೊಟ್ಟೆ ಬಿಟ್ಟ ಗೋಡೆಗೆ ಗಿಲಾವು ಎಳೆದು ಸಪಾಟು ಮಾಡಿಸಿ, ಸೋರುವ ಮಾಳಿಗೆಗೆ ಇನ್ನೂ ನಾಲ್ಕು ಬುಟ್ಟಿ ಮಣ್ಣು ಸುರಿಸಿ "ಮನಿ ಗಟ್ಟಿಮುಟ್ಟ ಅದ" ಎಂದು ತೋರಿಸುವುದಕ್ಕೆ ಏನೆನ್ನಬೇಕು? ಮಾರುವ ಮುಂಚಿನ ಈ "ಸಣ್ಣ ರಿಪೇರಿ" ಮನೆಯನ್ನು ಮೊದಲಿಗಿಂತ ಅಪಾಯಕಾರಿ ಮಾಡುತ್ತದೆ. ಅಪಾಯದ ಗುರುತನ್ನೂ ಕಣ್ಣಿಂದ ಮರೆಮಾಡುತ್ತದೆ. ನಾಳೆ ಆ ಗೋಡೆಯ ಬುಡದಲ್ಲಿ ಯಾರದೋ ಮಕ್ಕಳು ಮಲಗುತ್ತವೆ.

ಭೀಮೆಯ ದಂಡೆಯ ಊರುಗಳಲ್ಲಿ ಗೋಡೆಗಳ ಮೇಲೆ ಇನ್ನೊಂದು ಗುರುತಿದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿತು. 2025ರ ಸೆಪ್ಟೆಂಬರ್ ಕೊನೆಗೆ ನದಿ ಮತ್ತೆ ಉಕ್ಕಿತು. ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿಯುವ ಕಂದು ಗೆರೆ, ಆ ಮನೆಯ ಬಗ್ಗೆ ಯಾವ ಕಾಗದವೂ ಹೇಳದ ಸತ್ಯವನ್ನು ಹೇಳುತ್ತದೆ: ಇಲ್ಲಿಯವರೆಗೆ ನೀರು ಬರುತ್ತದೆ. ಮಾರುವಾಗ ಮೊದಲು ಅಳಿಸುವುದು ಅದನ್ನೇ. ಅಳಿಸಬೇಡಿ. ತನ್ನ ಧಾನ್ಯದ ಚೀಲ ಎಲ್ಲಿಡಬೇಕು, ಕರೆಂಟಿನ ಬೋರ್ಡು ಎಷ್ಟು ಎತ್ತರಕ್ಕಿರಬೇಕು, ಆ ಮನೆಯನ್ನು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಬರುವವನಿಗಿದೆ.

ಕಾನೂನೂ ಈ ಬುದ್ಧಿವಂತಿಕೆಯ ಪರವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನಿಗೆ ಕಾಣಿಸದಂಥ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದು ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಗೊತ್ತಿರುವ ಸಂಗತಿಯನ್ನು ಮುಂದಾಗಿ ಮರೆಮಾಚುವುದು 1872ರ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರವೂ ವಂಚನೆಯೇ. ಈಗ ಪುಟ್ಟಿಯ ಕೆಲಸ ಏನಾಯಿತು ನೋಡಿ. ಗೋಡೆಯ ಮೇಲೆ ಎದ್ದು ಕಾಣುತ್ತಿದ್ದ ಬಿರುಕು ಕಣ್ಣಿದ್ದವರಿಗೆಲ್ಲ ತೆರೆದ ದೋಷವಾಗಿತ್ತು. ನೋಡಿಯೂ ಕೊಂಡರೆ ಹೊಣೆ ಕೊಂಡವನದು. ಸಾವಿರಾರು ರೂಪಾಯಿ ಕೊಟ್ಟು ಅದನ್ನು ಮುಚ್ಚಿಸಿದ ಮಾರಾಟಗಾರ, ತನ್ನ ಮೇಲಿಲ್ಲದ ಹೊಣೆಯನ್ನು ತಾನೇ ಹಣ ಕೊಟ್ಟು ಮೈಮೇಲೆ ಎಳೆದುಕೊಂಡ. ತೆರೆದ ದೋಷವನ್ನು ಗುಪ್ತ ದೋಷ ಮಾಡಿದವನು ಅವನೇ. ದಲ್ಲಾಳಿ ಈ ಮಾತನ್ನು ಹೇಳುವುದಿಲ್ಲ. ವ್ಯಾಜ್ಯವಾದರೆ ಕೋರ್ಟಿನ ಕಟ್ಟೆ ಹತ್ತುವುದು ಅವನಲ್ಲ.

ಇದು ಹೊಸ ವಾದವೇನೂ ಅಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದ ಮೂರನೇ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ: ಮರಮುಟ್ಟು ಕೆಟ್ಟಿರುವ, ಕೋಣೆಗಳಲ್ಲಿ ಹಾವು ಕಾಣಿಸುವ ಮನೆ. ಅದು ಒಡೆಯನೊಬ್ಬನಿಗೇ ಗೊತ್ತು. ಮಾರುವಾಗ ಹೇಳಬೇಕೇ? ಡಯೋಜಿನಿಸ್ ಎಂಬ ತತ್ವಜ್ಞಾನಿ ಬೇಡ ಎಂದ, ಆಂಟಿಪೇಟರ್ ಹೇಳಲೇಬೇಕು ಎಂದ. ಸಿಸೆರೊ ನಿಂತದ್ದು ಆಂಟಿಪೇಟರನ ಕಡೆ. ಅಲ್ಲೇ ಅವನು ಒಂದು ಮೊಕದ್ದಮೆಯನ್ನೂ ನೆನೆಯುತ್ತಾನೆ. ಶಕುನ ನೋಡುವ ಅಧಿಕಾರಿಗಳು ದೃಷ್ಟಿಗೆ ಅಡ್ಡಬರುವ ಮೇಲಿನ ಭಾಗವನ್ನು ಕೆಡವಬೇಕೆಂದು ಆಜ್ಞೆ ಮಾಡಿದ್ದ ಮನೆಯನ್ನು, ಆಜ್ಞೆಯ ವಿಷಯ ಮುಚ್ಚಿಟ್ಟು ಸೆಂಟುಮಾಲಸ್ ಎಂಬವನು ಮಾರಿದ. ಕೊಂಡವನು ಕೆಡವಬೇಕಾಯಿತು. ತೀರ್ಪು ಕೊಟ್ಟ ಕೇಟೊ, ಗೊತ್ತಿದ್ದೂ ಹೇಳದ ಮಾರಾಟಗಾರನೇ ನಷ್ಟ ತುಂಬಬೇಕು ಎಂದ. ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1987ರಿಂದ ಮನೆ ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡುವುದು ಕಡ್ಡಾಯ. ನಮ್ಮಲ್ಲಿ ಅಂಥ ನಮೂನೆ ಇಲ್ಲ ಎಂಬುದು ಮುಚ್ಚಿಡಲು ಕೊಟ್ಟ ಪರವಾನಗಿಯಾಗದು.

ಇನ್ನು ಬೆಲೆಯ ಮಾತು. "ಬಿರುಕು ಕಂಡ್ರ ಗಿರಾಕಿ ಲಕ್ಷ ಕಡಿಮಿ ಕೇಳ್ತಾನ" ಎಂಬುದು ಎದುರುವಾದಗಳಲ್ಲೆಲ್ಲ ಗಟ್ಟಿಯಾದದ್ದು. ಕೇಳುತ್ತಾನೆ, ನಿಜ. ಪಾಯ ಸರಿಪಡಿಸಲು ಅವನಿಗೆ ನಿಜವಾಗಿ ಹಣ ಬೇಕು, ಅದಕ್ಕೇ ಕೇಳುತ್ತಾನೆ. ಆ ಲಕ್ಷ ಮಾರುವವನದಾಗಿರಲಿಲ್ಲ. ಅದು ಗೋಡೆಯಲ್ಲೇ ಖರ್ಚಾಗಿಹೋಗಿತ್ತು. ಇನ್ನು ಬಣ್ಣದಿಂದ ಬೆಲೆ ಏರುತ್ತದೆಂಬುದು ನಮ್ಮ ಊರುಗಳ ಮಟ್ಟಿಗೆ ಪೊಳ್ಳು ಮಾತು. ಕೊಂಡವರು ವಾಸ್ತುಶಾಂತಿಗೆ ಮುಂಚೆ ತಮ್ಮ ಮನಸ್ಸಿನ ಬಣ್ಣವನ್ನು ಹೇಗೂ ಹೊಡೆಸುತ್ತಾರೆ. ಹೊಸ ಹಸಿರಿನ ಮೇಲೆ ತಿಂಗಳೊಳಗೆ ಹೊಸ ಹಳದಿ ಏರುತ್ತದೆ. ಇಲ್ಲಿ ಮನೆ ನೋಡುವವರು ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗಿದೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರು ಇದೆಯೇ, ಓಣಿಗೆ ಟ್ರ್ಯಾಕ್ಟರ್ ಬರುತ್ತದೆಯೇ ಎಂದು. ಇವಕ್ಕೆ ಯಾವ ಡಬ್ಬಿಯ ಬಣ್ಣವೂ ಉತ್ತರವಲ್ಲ.

ಹಾಗಾದರೆ ಏನನ್ನೂ ಮುಟ್ಟಬಾರದೇ? ಮುಟ್ಟಬೇಕು. ಕಾರಣವನ್ನು ಮುಟ್ಟಬೇಕು, ಗುರುತನ್ನು ಬಿಡಬೇಕು. ಬಹಳ ಮನೆಗಳಲ್ಲಿ ಬಿರುಕಿನ ಹಿಂದೆ ಇರುವುದು ಬಚ್ಚಲ ನೀರು. ಮೋರಿಗೆ ಸೇರಬೇಕಾದದ್ದು ಗೋಡೆಯ ಬುಡದಲ್ಲೇ ಇಂಗಿ ಒಂದೇ ಮೂಲೆಯ ಎರೆಮಣ್ಣನ್ನು ಉಬ್ಬಿಸುತ್ತಿರುತ್ತದೆ. ಇನ್ನು ಕೆಲವೆಡೆ ಗೋಡೆಗೆ ಹತ್ತಿದ ಗಿಡದ ಬೇರು ನೆಲದ ತೇವ ಹೀರಿ ಆ ಕಡೆಯನ್ನು ಕುಸಿಸುತ್ತಿರುತ್ತದೆ. ಪೈಪು ಹಾಕಿ ನೀರನ್ನು ದೂರ ಸಾಗಿಸಿ, ಮನೆಯ ಸುತ್ತ ಇಳಿಜಾರಾಗಿ ಫರಸಿ ಹಾಸಿ ಸಂದುಗಳನ್ನು ಮುಚ್ಚಿದರೆ ಪಾಯದ ಮಣ್ಣಿನ ಹದ ಅಷ್ಟು ಏರುಪೇರಾಗುವುದಿಲ್ಲ. ಫರಸಿಗೆ ಬೇಕಾದ ಶಹಾಬಾದದ ಕಲ್ಲು ನಮ್ಮ ಜಿಲ್ಲೆಯದೇ, ದೂರದಿಂದ ತರಬೇಕಿಲ್ಲ. ಇದು ಖರೇ ರಿಪೇರಿ. ಕೊಳ್ಳುವವರಿಗೆ ತೋರಿಸಿ ಹೇಳಲು ಯೋಗ್ಯವಾದದ್ದು. ಬರಿಮೈ ತಂತಿ, ಬಿಸಿಯಾಗುವ ಸ್ವಿಚ್ಚು, ಅರ್ಥಿಂಗ್ ಇಲ್ಲದ ಮೀಟರು ಇವನ್ನು ಮಾರಿದರೂ ಮಾರದಿದ್ದರೂ ಇಂದೇ ಸರಿಪಡಿಸಬೇಕು. ನೀರಿನ ಟಾಕಿ ಸೋರುತ್ತಿದ್ದರೆ ನಿಲ್ಲಿಸಿ. ಗೋಡೆಯ ಬುಡ ತೇವ ಹೀರಿ ಬಿಳಿ ಉಪ್ಪು ಬಿಡುತ್ತಿದ್ದರೆ ಅದರ ಮೇಲೆ ಸಿಮೆಂಟು, ಪುಟ್ಟಿ ಎಳೆಯಬೇಡಿ. ಹಳೇ ಕಲ್ಲು-ಮಣ್ಣಿನ ಗೋಡೆ ಸುಣ್ಣದ ಮೂಲಕ ತೇವ ಬಿಡುತ್ತದೆ. ಸಿಮೆಂಟು ಬಳಿದರೆ ಆ ತೇವ ಒಳಗೇ ಉಳಿದು ಇನ್ನೂ ಮೇಲೇರುತ್ತದೆ.

ಬಣ್ಣಕ್ಕೆ ತೆಗೆದಿಟ್ಟ ಹಣ ಕಾಗದಪತ್ರಕ್ಕೆ ಹೋದರೆ ಮಾರುವವನಿಗೇ ಹೆಚ್ಚು ಲಾಭ. ಎಷ್ಟೋ ಮನೆಗಳು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಪಂಚಾಯತಿ ಮಿತಿಯ ಮನೆಗೆ ಇ-ಸ್ವತ್ತಿನ ನಮೂನೆ ಬೇಕು, ಋಣಭಾರ ಪತ್ರ ಬೇಕು. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿ ಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಅವರೂ ಸಮಾನ ಪಾಲುದಾರರು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಕೇಳದೆ ಗೋಡೆ ಬೆಳ್ಳಗೆ ಮಾಡಿಸಿ ಮಾರಲು ಕೂತವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಮಾರಾಟಕ್ಕೆಂದು ನಾವು ದುರಸ್ತಿ ಮಾಡಿಸುವ ವಸ್ತುಗಳನ್ನು ನೋಡಿ: ಅಡುಗೆಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಸೋರಿದ ಮಾಳಿಗೆ, ಎತ್ತಿ ಹಿಡಿದರಷ್ಟೇ ಮುಚ್ಚುವ ಬಚ್ಚಲ ಬಾಗಿಲು, ಎದ್ದುಹೋದ ಫರಸಿಗೆ ಎಡವಿ ಮುದುಕಿ ಬಿದ್ದ ಹೊಸ್ತಿಲು. ಮನೆಯ ಹೆಂಗಸರು ಪ್ರತಿ ಮಳೆಗಾಲ ಹೇಳಿದರು. ಆಗ ರೊಕ್ಕ ಇರಲಿಲ್ಲ, ಸುಗ್ಗಿ ಆಗಲಿ ಅಂದೆವು. ಗಿರಾಕಿ ಬರುತ್ತಾನೆಂದ ಕೂಡಲೇ ಎರಡು ದಿನದಲ್ಲಿ ಗೌಂಡಿ ಬಂದ, ರೊಕ್ಕವೂ ಹುಟ್ಟಿತು. ಬಾಗಿಲಿನ ಕೊಂಡಿ ಸರಿಪಡಿಸಲು ಸರಿಯಾದ ಕಾಲ ಅದು ಸಡಿಲವಾದ ವಾರ. ನಮ್ಮ ತಾಯಂದಿರು, ಹೆಂಡಂದಿರು ಆ ಮನೆಯಲ್ಲಿ ಇರುವಾಗಲೇ ಮಾಡಿಸಿದ ರಿಪೇರಿಗೆ ಮಾರುವ ದಿನ ಯಾವ ಸಮರ್ಥನೆಯೂ ಬೇಕಾಗುವುದಿಲ್ಲ.

"ಎಲ್ಲಾರೂ ಹಂಗೇ ಮಾಡ್ತಾರ, ನಾನೊಬ್ಬ ಖರೆ ಹೇಳಿ ಯಾಕ ಲುಕ್ಸಾನ ಮಾಡ್ಕೋಳ್ಳಿ" ಎನ್ನುವವರಿಗೆ ಒಂದು ಸುಲಭದ ದಾರಿ ಇದೆ. ಕರಾರು ಪತ್ರದ ಜೊತೆ ಅರ್ಧ ಪುಟ ಸೇರಿಸಿ. ಬಿರುಕು ಎಲ್ಲಿದೆ, ಯಾವ ತಿಂಗಳು ತೆರೆಯುತ್ತದೆ, ಮಾಳಿಗೆ ಎಲ್ಲಿ ಸೋರುತ್ತದೆ, ಪಾಯ ಎರೆಮಣ್ಣು ದಾಟಿ ಗಟ್ಟಿ ಗರಸಿನವರೆಗೆ ಇಳಿದಿದೆಯೋ ಇಲ್ಲವೋ, ನದಿ ದಂಡೆಯ ಊರಾದರೆ ನೀರು ಯಾವ ವರ್ಷ ಎಷ್ಟು ಮೇಲೆ ಬಂದಿತ್ತು, ಯಾವ ಕೆಲಸ ಯಾವಾಗ ಮಾಡಿಸಿದ್ದು, ಇಷ್ಟನ್ನು ಗೊತ್ತಿದ್ದಂತೆ ಬರೆಯಿರಿ. ಸಂಚಕಾರ ಪಡೆಯುವ ಮೊದಲೇ ಇಬ್ಬರೂ ಅದಕ್ಕೆ ಸಹಿ ಮಾಡಲಿ. ಹಾಗೆ ಬರೆದುಕೊಟ್ಟವನ ಮೇಲೆ ಮುಚ್ಚಿಟ್ಟನೆಂಬ ದೂರು ನಿಲ್ಲುವುದಿಲ್ಲ. ಕೊಂಡವನು ಮೊದಲ ಮಳೆಗೇ ಬಂದು ಬಾಗಿಲು ಬಡಿಯುವುದಿಲ್ಲ. ದಲ್ಲಾಳಿ ಬೇಡವೆಂದರೆ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳಿ.